ಕಡಿಯಾಳಿಯಿಂದ ಹೊರಟ ಖಾಲಿ ಬಸ್ಸು

ನಾನು ಯಾವುದನ್ನು ಪ್ಲಾನು ಹಾಕಿ ಮಾಡುತ್ತೇನೋ ಅದು ನನ್ನ ಮರ್ಯಾದೆ ತೆಗೆಯದೆ ಬಿಡುವುದಿಲ್ಲ. ಪ್ಲಾನಿಲ್ಲದೆ ಮಾಡಿದ್ದೆಲ್ಲ ಸರಿಯಾಗಿಯೇ ನಡೆಯುತ್ತದೆ. ಇಷ್ಟು ಗೊತ್ತಿದ್ದೂ ಪ್ಲಾನು ಹಾಕುವ ಕೆಲಸವನ್ನೇ ಹಿಡಿದೆನಲ್ಲ, ಅದು ನನ್ನ ಹಣೆಬರಹ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗಲ್ಫಿನಿಂದ ಬಂದ ಧಣಿಯೊಬ್ಬರು ಅಲೆವೂರಿನ ದಾರಿಯಲ್ಲಿ ದೊಡ್ಡ ಕಟ್ಟಡ ಏಳಿಸುತ್ತಿದ್ದರು. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಫ್ಲ್ಯಾಟು. ಉಡುಪಿಯಿಂದ ಅಲ್ಲಿಗೆ ಫ್ರೀ ಬಸ್ಸು ಓಡಿಸುವ ಹೊಣೆ ನನ್ನದು. "ಬಸ್ಸಿನಲ್ಲಿ ಜನ ಕಂಡರೆ ಮಾತ್ರ ಫ್ಲ್ಯಾಟು ಮಾರಿ ಹೋಗುವುದು. ದೀಪಾವಳಿಯೊಳಗೆ ಬಸ್ಸು ತುಂಬಬೇಕು. ಇಲ್ಲದಿದ್ದರೆ ನೀನು ಬೇರೆ ಕೆಲಸ ನೋಡಿಕೋ ಮಾರಾಯ" ಎಂದರು. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ.

ಸರ್ವೆ

ಯಾರು ಎಲ್ಲಿಗೆ ಹೋಗುತ್ತಾರೆಂದು ಮೊದಲು ತಿಳಿಯಬೇಕಲ್ಲ? ಬೆಳಿಗ್ಗೆ ಬ್ಯಾಗು ಹಿಡಿದು ಉಡುಪಿಯ ಕಡಿಯಾಳಿಯಲ್ಲಿ ರಸ್ತೆ ಬದಿಗೆ ನಿಂತೆ. ನಮ್ಮ ಕಡೆ ಬ್ಯಾಗು ಹಿಡಿದು ರಸ್ತೆ ಬದಿಗೆ ನಿಂತವನನ್ನು ಯಾವ ಕಂಡಕ್ಟರನೂ ಬಿಟ್ಟು ಹೋಗುವುದಿಲ್ಲ. ಒಬ್ಬ ಹಾರಿ ಇಳಿದು, ಮೊದಲು ಬ್ಯಾಗನ್ನು ಒಳಗೆ ಹಾಕಿದ, ಆಮೇಲೆ ನನ್ನನ್ನು.

"ನಾನು ಎಲ್ಲಿಗೂ ಹೋಗುವವನಲ್ಲ, ಸರ್ವೆ ಮಾಡುವವ!"

"ಸರ್ವೆ ಕೂತು ಮಾಡಿ, ಮುಂದೆ ಸೀಟು ಉಂಟು."

ಎಕ್ಸ್‌ಪ್ರೆಸ್ಸು ಬಸ್ಸು. ಹಿಂದಿನಿಂದ ಇನ್ನೊಂದು ಬಸ್ಸು ಅಟ್ಟಿಸಿಕೊಂಡು ಬರುತ್ತಿತ್ತು, ಹಾಗಾಗಿ ನಡುವೆ ಇಳಿಸುವ ಮಾತೇ ಇಲ್ಲ. ಆ ದಿನದ ಸರ್ವೆಯಲ್ಲಿ ಕಾರ್ಕಳಕ್ಕೆ ಹೋದವರೆಂದು ನನಗೆ ಖಂಡಿತವಾಗಿ ಗೊತ್ತಾದದ್ದು ಒಬ್ಬನೇ. ನಾನು.

ಸ್ಟಾಪು

ಕಟ್ಟಡದ ಹತ್ತಿರ ಚಂದದ ಒಂದು ಬಸ್‌ಸ್ಟಾಪು ಮಾಡಿಸಿದೆ. ಸ್ಟೀಲಿನ ಬೆಂಚು, ತಗಡಿನ ಮಾಡು. ಯಾರೂ ಅಲ್ಲಿ ನಿಲ್ಲಲಿಲ್ಲ. ಎಲ್ಲರೂ ಆಚೆ ಗೂಡಂಗಡಿಯ ಹತ್ತಿರ ಹಲಸಿನ ಮರದಡಿ ನಿಂತರು. ನನಗೆ ಪಿತ್ತ ನೆತ್ತಿಗೇರಿತು. ಕೆಮ್ಮಣ್ಣು ಊರಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕನನ್ನೇ ಹಿಡಿದು ಕೇಳಿದೆ, "ಅಷ್ಟು ಖರ್ಚು ಮಾಡಿ ಸ್ಟಾಪು ಕಟ್ಟಿದ್ದೇವೆ. ಅಲ್ಲಿ ನಿಲ್ಲಲಿಕ್ಕೆ ಎಂತ ಕಷ್ಟ ನಿಮಗೆ?"

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆ ತಗಡಿನಡಿಯಲ್ಲಿ ನನ್ನ ಬಂಗುಡೆ ಹುರಿದೇ ಹೋಗುತ್ತದೆ. ಅದು ಬಿಡಿ, ನೀವು ದಿನಾ ಇಲ್ಲಿ ಸೋಡಾ ಕುಡಿಯುತ್ತಾ ನಿಲ್ಲುವುದು ಯಾಕೆ?"

ಕೈಯಲ್ಲಿದ್ದ ಸೋಡಾ ಅರ್ಧಕ್ಕೇ ಬಿಟ್ಟು ಬಂದೆ.

ಹೂವಿನ ಹಾರ

ಬಸ್ಸು ಶುರುವಾಗುವ ದಿನ ಮುಂದೆ ಮಾವಿನೆಲೆಯ ತೋರಣ, ಸುತ್ತ ಸೇವಂತಿಗೆ ಹಾರ ಕಟ್ಟಿಸಿದೆ. ಕಡಿಯಾಳಿಯಲ್ಲಿ ಬಸ್ಸು ನಿಂತಿತು. ಜನ ನೋಡಿದರು, ನಕ್ಕರು, ದಾರಿ ಬಿಟ್ಟರು. ಹತ್ತಲಿಲ್ಲ. ಶಲ್ಯ ಹೊದ್ದ ಹಿರಿಯರೊಬ್ಬರಿಗೆ ಕಿಟಕಿಯಿಂದಲೇ ಕೈಮುಗಿದು, "ಬನ್ನಿ, ಫ್ರೀ" ಎಂದೆ.

"ಛೆ ಛೆ, ಮದುವೆಯ ಹೇಳಿಕೆ ಇಲ್ಲದೆ ದಿಬ್ಬಣಕ್ಕೆ ಬರುವುದು ಹೇಗೆ? ಹುಡುಗ ಯಾರ ಮಗ?"

ಬಸ್ಸಿನೊಳಗೆ ಹೊಸ ಅಂಗಿ ಹಾಕಿ ಒಬ್ಬನೇ ಕೂತಿದ್ದವನು ನಾನು. ಮದುಮಗನೆಂದು ತಿಳಿದು ಅವರು ಆಶೀರ್ವಾದವನ್ನೂ ಮಾಡಿದರು.

ಬಸ್ಸು ತುಂಬಿತು

ದೀಪಾವಳಿ ಹತ್ತಿರ ಬಂತು, ಬಸ್ಸು ಖಾಲಿಯೇ. ಒಂದು ದಿನ ಧಣಿಗಳಿಂದ ಫೋನು: "ನಾಳೆ ಬೆಳಿಗ್ಗೆ ಫ್ಲ್ಯಾಟು ನೋಡಲಿಕ್ಕೆ ಎರಡು ಮನೆಯವರು ಬರುತ್ತಾರೆ. ಬಸ್ಸು ತುಂಬಿ ಬಂದರೆ ನೀನು ಉಂಟು, ಇಲ್ಲದಿದ್ದರೆ ಇಲ್ಲ."

ಬೆಳಿಗ್ಗೆ ನಾಚಿಕೆ ಬಿಟ್ಟು ಬಾಗಿಲಲ್ಲಿ ನೇತಾಡಿದೆ. "ಬನ್ನಿ ಬನ್ನಿ, ಹಣ ಬೇಡ, ಹತ್ತಿ ಬೇಗ!" ಎಂದು ಗಂಟಲು ಹರಿಯುವಂತೆ ಕೂಗಿದೆ. ದೇವರ ದಯೆ, ಜನ ಓಡಿ ಬಂದರು! ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ನನಗೂ ಒಳಗೆ ಜಾಗ ಸಿಗಲಿಲ್ಲ, ಇಡೀ ದಾರಿ ಬಾಗಿಲಲ್ಲೇ. ನನ್ನ ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ.

ಕಟ್ಟಡದ ಎದುರು ಧಣಿಗಳು ನೆಂಟರನ್ನು ಕಾದವರ ಹಾಗೆ ನಿಂತಿದ್ದರು, ಪಕ್ಕದಲ್ಲಿ ಫ್ಲ್ಯಾಟಿನವರು. ಬಸ್ಸು ನಿಂತಿತು. ಮೊದಲು ಇಳಿದದ್ದು ಹಾರೆ. ಆಮೇಲೆ ಪಿಕಾಸಿ, ಬುಟ್ಟಿ, ರೊಟ್ಟಿ ಬುತ್ತಿ. ಬಾಗಲಕೋಟೆ ಕಡೆಯವರು, ಬೆಳಿಗ್ಗೆ ಕೂಲಿಗೆ ಕರೆಯುವವರನ್ನು ಕಾಯುತ್ತಾ ಕಡಿಯಾಳಿಯಲ್ಲಿ ನಿಲ್ಲುವವರು. ಗಾಡಿ ತಂದು, ಹಣ ಬೇಡ ಹತ್ತಿ ಎನ್ನುವವನು ಮೇಸ್ತ್ರಿಯಲ್ಲದೆ ಮತ್ಯಾರು?

"ಇವರೆಲ್ಲ ಯಾರು?" ಧಣಿಗಳ ಮುಖ ಕೆಂಪಾಯಿತು.

ಗುಂಪಿನ ಹಿರಿಯ ನನ್ನನ್ನು ತೋರಿಸಿದ. "ಈ ಮೇಸ್ತ್ರಿ ಕರ್ಕೊಂಡ್ ಬಂದಾರ್ರೀ. ಕೆಲಸ ಎಲ್ಲೈತ್ರಿ?"

ಮುಗಿಯಿತು ಎಂದುಕೊಂಡೆ. ಧಣಿಗಳು ನನ್ನ ಭುಜ ಹಿಡಿದು ಬದಿಗೆ ಎಳೆದರು. "ಹಿಂಬದಿಯ ಸ್ಲ್ಯಾಬು ಹಾಕಲಿಕ್ಕೆ ಜನ ಇಲ್ಲದೆ ವಾರದಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ಇಷ್ಟು ಜನ ಎಲ್ಲಿ ಸಿಕ್ಕಿದರು ಮಾರಾಯ? ನಾಳೆಯೂ ತಾ! ನಿನ್ನ ಕೆಲಸ ಗಟ್ಟಿ."

ಧಣಿಗಳು ಫ್ಲ್ಯಾಟಿನವರನ್ನು ಮೇಲೆ ಕರೆದುಕೊಂಡು ಹೋದರು. ನಾನು ಉಸಿರು ಬಿಟ್ಟು ನೆರಳಿಗೆ ಹೊರಟಿದ್ದೆ, ಹಿರಿಯ ಕರೆದ. "ಮೇಸ್ತ್ರೀ, ಬುಟ್ಟಿ ದಾಟಿಸೋ ಸಾಲಿನಾಗ ಒಬ್ರು ಕಮ್ಮಿ ಬೀಳ್ತಾರ. ಮಾಲಕ್ರು ಮ್ಯಾಲಿಂದ ನೋಡಾಕತ್ತಾರ, ಬರ್ರಿ."

ತಲೆ ಎತ್ತಿದೆ. ಹೌದು, ಮೂರನೇ ಮಾಳಿಗೆಯಿಂದ ನೋಡುತ್ತಿದ್ದರು. ಪ್ಯಾಂಟು ಮಡಚಿ, ಸಾಲಿನಲ್ಲಿ ನಿಂತು, ಬುಟ್ಟಿಗೆ ಕೈ ಚಾಚಿದೆ.