ಮೊಳೆ ಬಂದೂಕಿಗೆ ತೆಂಗಿನೆಣ್ಣೆ

ರಮಾಕಾಂತರಾಯರ ಮೇಲೆ ಅವರ ಹೆಂಡತಿ ರಮಾಮಣಿ ಹೊರಿಸಿದ್ದ ಆರೋಪಗಳಲ್ಲಿ ಅತಿ ದೊಡ್ಡದೆಂದರೆ, ರಾಯರು ಒಂದು ಇಡೀ ಹೋಟೆಲನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದಾರೆ ಎಂಬುದು. ಆರೋಪ ಪೂರ್ತಿ ಸುಳ್ಳಲ್ಲ. ಅಂಬರನಾಥ ಸ್ಟೇಷನ್ನಿನ ಎದುರು ರಾಯರ ತಂದೆ ಕಟ್ಟಿ ಬೆಳೆಸಿದ, ಆಮೇಲೆ ರಾಯರು ನಡೆಸಿದ, ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗ ಅಳುತ್ತಾ ಬಾಗಿಲು ಹಾಕಿದ 'ಅನಂತ ವಿಹಾರ' ಹೋಟೆಲಿನ ಫ್ಯಾಮಿಲಿ ರೂಮು, ಅಂದರೆ ಅದರ ಸಾಗುವಾನಿ ಹಲಗೆಗಳು, ನೆರೂಳಿನ ಅವರ ಪುಟ್ಟ ರೋ ಹೌಸಿನಲ್ಲಿ ಮಂಚದ ಕೆಳಗೆ ಹಳೆಯ ಸೀರೆ ಹೊದ್ದು ಮಲಗಿದ್ದವು. ಕಸ ಗುಡಿಸಲು ಬಗ್ಗಿದಾಗಲೆಲ್ಲ ರಮಾಮಣಿಯವರ ಪೊರಕೆ ಹೋಟೆಲಿಗೆ ತಾಗುತ್ತಿತ್ತು, ಅವರ ಬಾಯಿ ರಾಯರಿಗೆ ತಾಗುತ್ತಿತ್ತು.

ರಾಯರಿಗೆ ಆ ಹಲಗೆಗಳ ಮೇಲೆ ಯಾಕಷ್ಟು ವ್ಯಾಮೋಹ ಎಂದರೆ, ಅವರ ಹೆಣ್ಣು ನೋಡುವ ಶಾಸ್ತ್ರ ನಡೆದದ್ದೇ ಆ ಫ್ಯಾಮಿಲಿ ರೂಮಿನಲ್ಲಿ. ಎಲ್ಲರೂ ಹುಡುಗಿಯ ಮನೆಗೆ ಹೋಗಿ ನೋಡುತ್ತಾರೆ. ಆದರೆ ಗಲ್ಲಾ ಬಿಟ್ಟು ಎದ್ದರೆ ಹೋಟೆಲನ್ನೇ ಬಿಟ್ಟಂತೆ ಎಂದು ನಂಬಿದ್ದ ರಾಯರ ತಂದೆಯವರು, ಡೊಂಬಿವಲಿಯ ಹುಡುಗಿಯ ಕಡೆಯವರಿಗೆ, "ಹೇಗೂ ಟ್ರೈನು ಉಂಟಲ್ಲ, ಇಲ್ಲಿಗೇ ಬನ್ನಿ, ತಿಂಡಿಯೂ ಆಗ್ತದೆ" ಎಂದು ಹೇಳಿ ಕಳಿಸಿದ್ದರು. ಹುಡುಗಿ ಬಂದಳು. ಹಲಗೆಯ ಗೋಡೆಗೆ ಬೆನ್ನು ಕೊಟ್ಟು ಹುಡುಗ, ಅವನ ಎದುರಿಗೆ ಹುಡುಗಿ. ನಡುವೆ ಬನ್ಸು, ಗೋಳಿಬಜೆ, ಹಬೆಯಾಡುವ ಕಾಫಿ.

"ಆಮೇಲೆ ನಡೆದದ್ದೇ ಚಮತ್ಕಾರ," ಎಂದು ರಾಯರು ಈ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. "ತಲೆ ಎತ್ತಿ ನೋಡಿದಳು ನೋಡಿ, ಕಣ್ಣು ಕದಲಿಸಲೇ ಇಲ್ಲ. ರೆಪ್ಪೆ ಬಡಿಯಲಿಲ್ಲ ಮಾರಾಯ್ರೆ. ಕೈಯಲ್ಲಿ ಅರ್ಧ ಕಾಫಿ ಉಂಟೆಂಬುದೂ ಮರೆತುಹೋಯ್ತು. ಲೋಟ ಅಲ್ಲೇ ಇಟ್ಟು ತಟಕ್ಕನೆ ಎದ್ದು ಹೋದಳು. ನಾಚಿಕೆ!" (ಇಲ್ಲಿ ರಾಯರು ತಮ್ಮ ಮೂಗನ್ನೊಮ್ಮೆ ಸವರಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಅವರ ಮೂಗು ಕುಟುಂಬದಲ್ಲೇ ಹೆಸರುವಾಸಿಯಾಗಿತ್ತಂತೆ.) ಗಲ್ಲಾದಿಂದಲೇ ಇದನ್ನು ಕಂಡ ತಂದೆಯವರು, "ಸಂಕೋಚದ ಹುಡುಗಿ, ನಮ್ಮ ಮನೆಗೆ ಹೇಳಿ ಮಾಡಿಸಿದ ಹಾಗುಂಟು" ಎಂದು ಅಲ್ಲೇ ಸಂಬಂಧ ನಿಶ್ಚಯಿಸಿದರು. ಈ ಕಥೆ ಬಂದಾಗಲೆಲ್ಲ ರಮಾಮಣಿ ಸಣ್ಣಗೆ ನಕ್ಕು ಒಳಗೆ ಹೋಗುತ್ತಿದ್ದರು. ಅದೂ ನಾಚಿಕೆಯೇ ಎಂದು ರಾಯರ ತೀರ್ಮಾನ.

ಈ ಸಲದ ಸಂಕ್ರಾಂತಿಗೆ ಮುಂಚೆ ರಮಾಮಣಿ ಕೊನೆಯ ಮಾತು ಹೇಳಿದರು. "ಭಾನುವಾರ ಅರಿಶಿನ ಕುಂಕುಮಕ್ಕೆ ಸಾಲುಮನೆ ಹೆಂಗಸರೆಲ್ಲ ಬರ್ತಾರೆ. ಎದುರಿನ ಗೋಡೆ ನೋಡಿದ್ದೀರಾ? ಮಳೆಗಾಲದಲ್ಲಿ ಸುಣ್ಣವೆಲ್ಲ ಎದ್ದು ಕಜ್ಜಿ ಬಂದ ಹಾಗೆ ಉಂಟು. ಆ ಹಲಗೆ ಅಷ್ಟು ಅಮೂಲ್ಯವಾದ್ರೆ ಗೋಡೆಗೆ ಹೊಡೆಸಿ. ಭಾನುವಾರದೊಳಗೆ ಆಗದಿದ್ರೆ ಸೋಮವಾರ ಗುಜರಿಯ ಭಂಗಾರ್‌ವಾಲ ಬರ್ತಾನೆ, ನಾನೇ ಎತ್ತಿ ಕೊಡ್ತೇನೆ."

ರಾಯರು ಮಂಚದ ಕೆಳಗೆ ಬಗ್ಗಿ ಹಲಗೆಗಳನ್ನೊಮ್ಮೆ ಎಣಿಸಿದರು. ಆದರೆ ಯೋಚಿಸಿದಷ್ಟೂ ಅದು ಶಿಕ್ಷೆಯಲ್ಲ, ವರ ಎನಿಸತೊಡಗಿತು. ಫ್ಯಾಮಿಲಿ ರೂಮು ಮತ್ತೆ ಎದ್ದು ನಿಲ್ಲುವುದು! ಅದೂ ಮನೆಯ ಮುಂದೆ! ಕೂಡಲೇ ಬಡಗಿ ಅಂಬಾದಾಸನನ್ನು ಕರೆಸಿದರು. ಅವನು ಗೋಡೆಗೆ ಮರದ ಪಟ್ಟಿಗಳನ್ನು ಕೂರಿಸಿದ. ಹಲಗೆ ಹೊಡೆಯುವ ಹೊತ್ತಿಗೆ ಮಂಚದ ಕೆಳಗೆ ಇಣುಕಿ, "ಶೇಟ್, ಹೇ ತರ್ ಜಳಾವೂ ಲಾಕೂಡ್ ಆಹೇ, ಒಲೆಗೆ ಹಾಕಿ. ಮಸ್ತ್ ಪೀವೀಸಿ ಪ್ಯಾನೆಲ್ ಬರ್ತದೆ, ಅದೇ ಹೊಡೀತೇನೆ" ಎಂದ. ತಮ್ಮ ದಾಂಪತ್ಯದ ಜನ್ಮಭೂಮಿಯನ್ನು ಸೌದೆ ಎಂದವನಿಗೆ ರಾಯರು ಒಂದು ಲೋಟ ಚಹಾ ಕೊಟ್ಟು, ಆದ ಕೆಲಸದ ಲೆಕ್ಕ ಚುಕ್ತಾ ಮಾಡಿ, ಗೇಟಿನವರೆಗೂ ಬಿಟ್ಟು ಬಂದರು. ಸುತ್ತಿಗೆ ತಾವೇ ಹಿಡಿದರು. ಮೊದಲ ಏಟು ಹೆಬ್ಬೆರಳಿಗೆ, ಎರಡನೆಯದೂ ಅದಕ್ಕೇ.

"ಅಪ್ಪಾ, ಛೋಡೋ ನಾ," ಎಂದಳು ಮಗಳು ಸುಮೇಧಾ. ಸೀವುಡ್ಸಿನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸಿ, ಮಧ್ಯೆ ಪಾಪ ಎನಿಸಿದಾಗ ಕನ್ನಡಕ್ಕೆ ಬರುವವಳು. "ಆಜ್‌ಕಲ್ ನೇಲ್ ಗನ್ ಆತಾ ಹೈ. ಗಾಳಿಯ ಪ್ರೆಶರಿನಲ್ಲಿ ಮೊಳೆ ಹೊಡೀತದೆ. ಉಲ್ಹಾಸನಗರದಲ್ಲಿ ಸಿಗ್ತದೆ."

ಮರುದಿನ ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಠಾಣೆಯಲ್ಲಿ ಗಾಡಿ ಬದಲಿಸಿ ಹೊರಟರು. ಉಲ್ಹಾಸನಗರ ಬಂದರೂ ಇಳಿಯಲಿಲ್ಲ. ಜೊಂಪು ಹತ್ತಿತು ಎಂದು ಆಮೇಲೆ ಮನೆಯಲ್ಲಿ ಹೇಳಿದ್ದು ಸುಳ್ಳು. ಮುಂದಿನ ಅಂಬರನಾಥದಲ್ಲಿ ಇಳಿದು, ಅನಂತ ವಿಹಾರ ಇದ್ದ ಜಾಗದ ಎದುರು ಸುಮ್ಮನೆ ನಿಂತರು. ಅಲ್ಲೀಗ ಮೊಬೈಲ್ ಅಂಗಡಿ. ಗಲ್ಲಾ ಇದ್ದ ಕಡೆ ಹುಡುಗಿಯೊಬ್ಬಳು ಫೋನಿನ ಗಾಜಿಗೆ ಪ್ಲಾಸ್ಟಿಕ್ ಅಂಟಿಸುತ್ತಿದ್ದಳು. ಮುಂಜಾನೆಯ ಮೊದಲ ಲೋಕಲಿಗೆ ಹೋಗುವ ಫ್ಯಾಕ್ಟರಿ ಜನ ಇಡ್ಲಿಗೆ ಮುಗಿಬೀಳುತ್ತಿದ್ದದ್ದು, ಅಡುಗೆ ಭಟ್ಟರ ಸಾಂಬಾರಿನ ಇಂಗು ಪ್ಲಾಟ್‌ಫಾರ್ಮಿನವರೆಗೂ ಹೋಗಿ ಗಿರಾಕಿಯ ಕೈಹಿಡಿದು ಕರೆತರುತ್ತಿದ್ದದ್ದು ನೆನಪಾಗಿ ರಾಯರ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು ವಾಪಸು ಗಾಡಿ ಹತ್ತಿದರು.

ಉಲ್ಹಾಸನಗರದ ಬಡಗಿ ಹತ್ಯಾರಗಳ ಅಂಗಡಿಯ ಸೇಠ್ ಮೂರು ಬಂದೂಕುಗಳನ್ನು ಸಾಲಾಗಿಟ್ಟ. ಒಂದು ತೀರ ಸಣ್ಣ ಮೊಳೆಯದು, ಚೌಕಟ್ಟಿನ ಅಂಚುಪಟ್ಟಿಗೆ. ಇನ್ನೊಂದು ದೊಡ್ಡ ತೊಲೆಗಳಿಗೆ, ಎತ್ತಿದರೆ ರಟ್ಟೆ ಕಳಚುವಂಥದ್ದು. ಮೂರನೆಯದು ಗೋಡೆ ಹೊದಿಕೆಯ ಹಲಗೆಗಳಿಗೆಂದೇ ಮಾಡಿದ್ದು. ಅದರ ಮೊಳೆಗಳು ಚಕ್ಕುಲಿಯಂತೆ ಸುರುಳಿ ಸುತ್ತಿ ಡಬ್ಬಿಯೊಳಗೆ ಕೂರುತ್ತಿದ್ದವು. ರಾಯರು ಗ್ರೈಂಡರ್ ಆರಿಸಿದ ಅನುಭವಿ. ಮೂರನ್ನೂ ಎತ್ತಿ ತೂಗಿದರು, ತಟ್ಟಿ ಸದ್ದು ಕೇಳಿದರು, ಹಿಡಿಯನ್ನು ಮೂಸಿಯೂ ನೋಡಿದರು. ಕೊನೆಗೆ ಮೂರನೆಯದನ್ನೇ ಹಿಡಿದರು. ಚಕ್ಕುಲಿ ಅವರಿಗೆ ಪರಿಚಯದ ವಸ್ತು.

"ಮೊಳೆಗೆ ಜಿಂಕಿನ ಲೇಪ ಇದೆ, ಬಾರಿಶ್‌ನಲ್ಲೂ ತುಕ್ಕು ಹಿಡಿಯೋದಿಲ್ಲ," ಎಂದ ಸೇಠ್ ತನ್ನ ಹಿಂದಿಯಲ್ಲಿ. "ಮೈಮೇಲೆ ಬಳೆಬಳೆ ಇದೆ ನೋಡಿ, ಒಮ್ಮೆ ಒಳಗೆ ಹೋದರೆ ಭೂಕಂಪ ಆದರೂ ವಾಪಸು ಬರೋದಿಲ್ಲ. ಪ್ರೆಶರ್ ಹದವಾಗಿರಲಿ, ಇಲ್ಲದಿದ್ದರೆ ಹಲಗೆ ಸೀಳುತ್ತೆ. ಕಣ್ಣಿಗೆ ಸೇಫ್ಟಿ ಚಷ್ಮಾ ಹಾಕಿ. ದಿನಾ ಈ ಎಣ್ಣೆ ಎರಡೇ ಹನಿ, ಗಾಳಿ ಹೋಗೋ ಬಾಯಿಗೆ. ಬೇರೆ ಎಣ್ಣೆ ಹಾಕಬೇಡಿ ಅಂಕಲ್."

ಗಾಳಿ ತುಂಬುವ ಕಂಪ್ರೆಸರ್ ಬಾಡಿಗೆಗೆ ಟೆಂಪೋದಲ್ಲಿ ಬಂತು. ರಮಾಮಣಿ ಬಂದೂಕಿಗೆ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟು, "ಯಾರ ಕಣ್ಣಿಗೂ ಹೊಡೆಯದಿರಲಿ" ಎಂದು ಪ್ರಾರ್ಥಿಸಿದರು. ರಾಯರು ಆ ಸೇಫ್ಟಿ ಚಷ್ಮಾ ತರಲು ಮರೆತಿದ್ದರಿಂದ ಸುಮೇಧಾಳ ಸ್ಕೂಟರಿನ ಗುಲಾಬಿ ಹೆಲ್ಮೆಟ್ ಧರಿಸಿದರು. ಪಂಚೆ, ಬನಿಯನ್ನು, ಗುಲಾಬಿ ಹೆಲ್ಮೆಟ್, ಕೈಯಲ್ಲಿ ಬಂದೂಕು. ಆ ವೀರವೇಷ ನೋಡಲು ಸಾಲುಮನೆಯ ಬಾಲ್ಕನಿಗಳೆಲ್ಲ ತುಂಬಿಹೋದವು.

ಇನ್ನು ಎಣ್ಣೆ. ಸೇಠ್ ಕೊಟ್ಟ ಸೀಸೆಯ ಮುಚ್ಚಳ ತೆಗೆದದ್ದೇ ರಾಯರು ಮುಖ ಕಿವುಚಿದರು. ಸೀಮೆಎಣ್ಣೆಯ ನಾತ. ಅನಂತ ವಿಹಾರದಲ್ಲಿ ಫ್ಯಾನಿಗೆ, ಬಾಗಿಲ ತಿರುಗಣಿಗೆ, ಗ್ರೈಂಡರಿಗೆ, ಭಟ್ಟರ ಮಂಡಿನೋವಿಗೆ, ರಾಯರ ತಲೆಗೆ, ಎಲ್ಲಕ್ಕೂ ಒಂದೇ ಎಣ್ಣೆ. ಊರಿನಿಂದ ಬರುತ್ತಿದ್ದ ಗಾಣದ ತೆಂಗಿನೆಣ್ಣೆ. ಅದರಿಂದ ಕೆಟ್ಟವರು ಯಾರೂ ಇರಲಿಲ್ಲ. "ಸೇಠಿಗೆ ಎಂತ ಗೊತ್ತು" ಎಂದುಕೊಂಡು ರಾಯರು ಅಡುಗೆಮನೆಯ ಬಾಟ್ಲಿಯಿಂದ ಧಾರಾಳವಾಗಿ ಅಭ್ಯಂಜನ ಮಾಡಿಸಿದರು.

ಶನಿವಾರದ ಮಧ್ಯಾಹ್ನ ಬಂದೂಕು ಸಿಂಹದಂತೆ ಗರ್ಜಿಸಿತು. ಹಲಗೆಗೆ ಮೂತಿ ಒತ್ತಿ ಕುದುರೆ ಎಳೆದರೆ ಠಕ್. ಒಂದೊಂದು ಠಕ್ಕಿಗೂ ರಾಯರ ವಯಸ್ಸು ಒಂದೊಂದು ವರ್ಷ ಇಳಿಯಿತು. ಕತ್ತಲಾಗುವ ಹೊತ್ತಿಗೆ ಅರ್ಧ ಗೋಡೆ ಅಂಬರನಾಥವಾಗಿತ್ತು. ಇಷ್ಟು ದುಡಿದ ಯಂತ್ರಕ್ಕೆ ಆಯಾಸವಾಗಿರಬೇಕೆಂದು ರಾಯರು ಮತ್ತೊಂದು ಸುತ್ತು ಎಣ್ಣೆ ಕುಡಿಸಿ ವರಾಂಡದಲ್ಲೇ ಮಲಗಿಸಿದರು.

ಭಾನುವಾರ ಬೆಳಗ್ಗೆ ಕುದುರೆ ಎಳೆದರೆ ಬಂದೂಕು 'ಫುಸ್' ಎಂದಿತು. ಮತ್ತೆ ಎಳೆದರೆ ಅದೂ ಇಲ್ಲ. ರಾಯರು ಅಲ್ಲಾಡಿಸಿದರು, ಊದಿದರು, ದೇವರ ಹೆಸರು ಹೇಳಿದರು. ಗೋಡೆಯ ಉಳಿದರ್ಧ ಕಜ್ಜಿ ಹಲ್ಲು ಕಿರಿಯುತ್ತಿತ್ತು. ಸಂಜೆ ಹೆಂಗಸರು ಬರುತ್ತಾರೆ. ನಾಳೆ ಭಂಗಾರ್‌ವಾಲ ಬರುತ್ತಾನೆ. ರಾಯರು ಉಳಿದ ಹಲಗೆಗಳ ಮೇಲೆ ಕೈಯಿಟ್ಟು, ಹೆಲ್ಮೆಟ್ಟಿನೊಳಗೇ ನಿಟ್ಟುಸಿರು ಬಿಟ್ಟು ಕೂತರು.

ಅಷ್ಟರಲ್ಲಿ ರಮಾಮಣಿ ತೆಂಗಿನೆಣ್ಣೆ ಬಾಟ್ಲಿ ಹಿಡಿದು ಹೊರಗೆ ಬಂದರು. ಚಳಿಗೆ ಎಣ್ಣೆ ಬೆಳ್ಳಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಪ್ರತಿ ಜನವರಿಯಲ್ಲೂ ಮಾಡುವಂತೆ ಅದನ್ನು ಕಂಪೌಂಡಿನ ಮೇಲೆ ಬಿಸಿಲಿಗೆ ಇಟ್ಟರು. ಬಾಟ್ಲಿ ನಿನ್ನೆಗಿಂತ ಬಹಳ ಖಾಲಿಯಾದದ್ದು ಕಂಡು ಹಾಗೇ ನಿಂತರು. ಬಾಟ್ಲಿ ನೋಡಿದರು, ಬಂದೂಕು ನೋಡಿದರು, ಗಂಡನನ್ನು ನೋಡಿದರು.

"ಇದಕ್ಕೆ ಎಂತ ಎಣ್ಣೆ ಹಾಕಿದ್ದು ನೀವು?"

"ಒಳ್ಳೇ ಎಣ್ಣೆಯೇ ಹಾಕಿದ್ದು," ಎಂದರು ರಾಯರು ಹೆಲ್ಮೆಟ್ಟಿನೊಳಗಿನಿಂದ.

"ದೇವರೇ. ಅದರ ಹೊಟ್ಟೆಯಲ್ಲಿ ಎಣ್ಣೆ ಗಟ್ಟಿಯಾಗಿ ಕೂತದ್ದು ಮಾರಾಯ್ರೆ. ಕೊಡಿ ಇಲ್ಲಿ."

ಸುಮೇಧಾ ಗಾಳಿಯ ಪೈಪು ಕಿತ್ತು, ಮೊಳೆಯ ಚಕ್ಕುಲಿಯನ್ನೂ ಹೊರಗೆ ತೆಗೆದಳು. ರಮಾಮಣಿ ಬಂದೂಕನ್ನು ಬಾಟ್ಲಿಯ ಪಕ್ಕದಲ್ಲಿ, ಸಂಡಿಗೆಯ ತಟ್ಟೆಯ ಈಚೆ, ಬಿಸಿಲಿಗೆ ಮಲಗಿಸಿದರು. ಮೊದಲು ಕಾಗೆ ಬಂತು, ಆಮೇಲೆ ಬಿಸಿಲು ಏರಿತು. ಮಧ್ಯಾಹ್ನದ ಹೊತ್ತಿಗೆ ಬಾಟ್ಲಿಯೂ ಬಂದೂಕೂ ಒಟ್ಟಿಗೇ ಕರಗಿದವು.

ಪೈಪು ಸಿಕ್ಕಿಸಿ ಕುದುರೆ ಎಳೆದದ್ದೇ ಠಕ್ ಎಂದು ಮೊಳೆ ಒಳಗೆ ಹೋಯಿತು, ಪುಸ್ಸೆಂದು ತೆಂಗಿನೆಣ್ಣೆ ಹೊರಗೆ ಬಂತು. ಪ್ರತಿ ಮೊಳೆಗೂ ಒಂದು ಪ್ರೋಕ್ಷಣೆ. ಹೆಲ್ಮೆಟ್ಟಿನ ಗಾಜು ಮಸುಕಾಗಿ ರಾಯರಿಗೆ ಹಲಗೆಯ ಅಂಚು ಬಿಟ್ಟರೆ ಬೇರೇನೂ ಕಾಣದಾಯಿತು. ಆದರೂ ಬಿಡಲಿಲ್ಲ. ಸಂಜೆಯೊಳಗೆ ಕೊನೆಯ ಹಲಗೆ ಬಾಗಿಲ ಪಕ್ಕದಲ್ಲಿ ಗಟ್ಟಿಯಾಗಿ ಕೂತಿತು. ಸುಮೇಧಾ ಎಣ್ಣೆಯನ್ನು ಬಟ್ಟೆಯಿಂದ ಹಲಗೆಗಳಿಗೆಲ್ಲ ಸಮನಾಗಿ ಒರೆಸಿ, "ಲುಕ್ಸ್ ಗುಡ್, ಅಪ್ಪಾ" ಎಂದು ಬಟ್ಟೆ ಬದಲಿಸಲು ಓಡಿದಳು. ರಾಯರು ಸೋಪು ಹಿಡಿದು ಬಚ್ಚಲಿಗೆ ಹೋದರು. ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದ ಸಾಗುವಾನಿ ಎಣ್ಣೆ ಕುಡಿದು ಹೊಳೆಯುತ್ತಿತ್ತು. ರಮಾಮಣಿ ಅದನ್ನು ಕಂಡು, ಇಷ್ಟು ವರ್ಷದಲ್ಲಿ ಮೊದಲ ಸಲ, "ಚಂದ ಉಂಟು" ಎಂದರು.

ಹೆಂಗಸರು ಬಂದರು. ಮೊದಲು ಪಕ್ಕದ ಮನೆಯ ಸುಲೋಚನಾಬಾಯಿ. ವರಾಂಡದ ಕುರ್ಚಿಯಲ್ಲಿ ಕೂರಲು ಹೋದವರು ಅರ್ಧ ಬಗ್ಗಿದ್ದಲ್ಲೇ ನಿಂತು, ಗೋಡೆ ಓದಿ, ಸೆರಗು ಸರಿಮಾಡಿಕೊಂಡು ನೆಟ್ಟಗಾದರು. ಹಿಂದಿನಿಂದ ಬಂದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೇ ಇದ್ದರು.

"ಬಸಾ ನಾ, ಬಸಾ," ಎಂದು ಉಪಚರಿಸಿದರು ರಮಾಮಣಿ.

"ಕಸಂ ಬಸಣಾರ್, ವಹಿನಿ?" ಹೇಗೆ ಕೂರುವುದೆಂದು ಕೇಳುತ್ತಾ ಸುಲೋಚನಾಬಾಯಿ ಬಾಗಿಲ ಪಕ್ಕದ ಹಲಗೆ ತೋರಿಸಿದರು.

ಎಣ್ಣೆ ಇಳಿದಂತೆ ಹಳೆಯ ಬಣ್ಣ ಮೆಲ್ಲಗೆ ಮೇಲೆದ್ದಿತ್ತು. ಹಳದಿಯ ದಪ್ಪ ಮರಾಠಿ ಅಕ್ಷರಗಳು. "ವಿನಾಕಾರಣ್ ಬಸೂ ನಯೇ. ಹುಕುಮಾವರೂನ್." ಕಾರಣವಿಲ್ಲದೆ ಕೂರಬಾರದು ಎಂದು ರಾಯರ ತಂದೆಯವರ ಆಜ್ಞೆ, ಸ್ವರ್ಗದಿಂದ.

ಮಿಂದು ಹೊರಗೆ ಬಂದ ರಾಯರು ಬೆಪ್ಪಾದರು. ಗಲ್ಲಾದಲ್ಲಿ ಕೂರುವವನು ಫ್ಯಾಮಿಲಿ ರೂಮಿನ ಬೋರ್ಡು ಯಾವಾಗ ಓದಿಯಾನು? ಅವರು ಅದರೊಳಗೆ ಕೂತದ್ದು ಒಂದೇ ಸಲ, ಅದೂ ಆ ಹಲಗೆಗೆ ಬೆನ್ನು ಹಾಕಿ. "ಈ ಬೋರ್ಡು ಎಲ್ಲಿತ್ತು?" ಎಂದು ಕೇಳಿದರು.

"ನಿಮ್ಮ ತಲೆಯ ಮೇಲೆ," ಎಂದರು ರಮಾಮಣಿ. ಅವರ ಕಣ್ಣು ಹಲಗೆಯ ಮೇಲೇ ಇತ್ತು. "ಅವತ್ತು ನಾನು ತಲೆ ಎತ್ತಿದ್ದೇ ಇದು ಕಂಡಿತು. ಹುಕುಮಾವರೂನ್ ಅಂತ ಬೇರೆ. ತಿಂಡಿ ಮುಗಿದಿತ್ತು, ಗಲ್ಲಾದಿಂದ ನಿಮ್ಮಪ್ಪ ನನ್ನನ್ನೇ ನೋಡ್ತಾ ಇದ್ರು. ಎದ್ದುಬಿಟ್ಟೆ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಆ ಕಥೆ ಅವರಲ್ಲಿ ಕೇಳದವರು ಯಾರಿದ್ದರು? ರಾಯರ ಕೈ ತಾನಾಗಿ ಮೂಗಿಗೆ ಹೋಗಿ, ಅಲ್ಲಿ ಕೆಲಸವಿಲ್ಲವೆಂದು ತಿಳಿದು ಕೆಳಗಿಳಿಯಿತು. ಹಲಗೆ ಕಿತ್ತುಬಿಡೋಣವೆಂದು ಒಮ್ಮೆ ನೋಡಿದರು. ಬಳೆಬಳೆಯ ಮೊಳೆ, ಭೂಕಂಪಕ್ಕೂ ಬಾರದ್ದು.

"ಹಾಗಾದ್ರೆ ನನ್ನ ಮುಖ ನೋಡಲೇ ಇಲ್ವಾ?" ಅವರ ಸ್ವರ ಸಣ್ಣದಾಗಿತ್ತು.

"ಇಲ್ಲ."

"ಮತ್ತೆ ಒಪ್ಪಿದ್ದು ಎಂತಕ್ಕೆ?"

ರಮಾಮಣಿ ಕುರ್ಚಿ ಎಳೆದು ಆ ಬೋರ್ಡಿನ ಕೆಳಗೇ ಆರಾಮವಾಗಿ ಕೂತರು. "ಕಾಫಿ ಬಹಳ ಒಳ್ಳೇದಿತ್ತು. ಅರ್ಧ ಬಿಟ್ಟು ಬಂದಿದ್ದೆನಲ್ಲ," ಎಂದರು. "ಇವತ್ತಾದ್ರೂ ತನ್ನಿ. ನಾನಿನ್ನು ಏಳುವುದಿಲ್ಲ."

ಅವರು ಕೂತದ್ದು ಕಂಡು ಸುಲೋಚನಾಬಾಯಿ ಕೂತರು, ಅವರ ಹಿಂದೆ ಸಾಲುಮನೆಯೇ ಕೂತಿತು. "ಭಾವೋಜಿ, ಆಮ್ಹಾಲಾ ಪಣ್," ಎಂದು ಯಾರೋ ತಮಗೂ ಕಾಫಿ ಕೇಳಿ ಕೂಗಿದರು. ರಾಯರು ಬೈರಾಸು ಹೆಗಲಿಗೆ ಹಾಕಿಕೊಂಡು ತಲೆಗಳನ್ನು ಎಣಿಸಿದರು. ಆಮೇಲೆ ಹಳೆಯ ಅಭ್ಯಾಸದಂತೆ ಒಳಗೆ ತಿರುಗಿ, ಅಲ್ಲಿ ಯಾವ ಭಟ್ಟರೂ ಇಲ್ಲವೆಂಬುದನ್ನು ಮರೆತು, "ಫ್ಯಾಮಿಲಿ ರೂಮಿಗೆ ಹನ್ನೆರಡು ಕಾಫಿ, ಒಂದು ಮಾತ್ರ ಫುಲ್ಲು" ಎಂದು ಕೂಗಿ, ತಾವೇ ಹಾಲು ಕಾಯಿಸಲು ಹೋದರು.