ಮೇಜರ್ ಟಾಮ್ಲಿನ್ ಅವರ ಆದರ್ಶ ಜೀವನ ಮತ್ತು ನನ್ನ ಓಪನಿಂಗ್ ಸ್ಥಾನ

ಬ್ರಿಟಿಷರ ಕಾಲದ ಸೈನ್ಯಾಧಿಕಾರಿ ಮೇಜರ್ ಟಾಮ್ಲಿನ್ ಅವರು ಕ್ರಿಕೆಟ್ ಆಡುತ್ತಿದ್ದರು ಎಂಬುದು ಮಸ್ಕತ್ತಿನ ಘಾಲಾ ಕರಾವಳಿ ಕ್ರೀಡಾ ಬಳಗವು ೧೯೮೭ರ ಮಹಾಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿದ ಸತ್ಯ. ಸಭೆಯಲ್ಲಿ ಕೋರಂ ಇತ್ತು. ಆದ್ದರಿಂದ ಈ ಬಗ್ಗೆ ಇನ್ನು ಚರ್ಚೆಗೆ ಆಸ್ಪದವಿಲ್ಲ.

ಸತ್ಯಕ್ಕೆ ಆಧಾರವೂ ಇತ್ತು. ಅದೊಂದು ಬೆಳ್ಳಿಯ ಕಪ್. ಬಳಗದ ಅಧ್ಯಕ್ಷರಾದ ಎಲಿಯಾಸ್ ಸರ್ ಸಂಸಾರ ಸಮೇತ ರುಸ್ತಾಕ್ ಕೋಟೆ ನೋಡಲು ಹೋದವರು, ಅಲ್ಲಿಯ ಸೂಕ್ ಎಂಬ ಹಳೆ ಪೇಟೆಯಲ್ಲಿ ಒಬ್ಬ ಮುದುಕ ಒಣ ಲಿಂಬೆ ತುಂಬಿಸಿಟ್ಟಿದ್ದ ಪಾತ್ರೆಯನ್ನು ಕಂಡು, ಲಿಂಬೆಯನ್ನು ಅಲ್ಲೇ ಸುರಿಸಿ, ಪಾತ್ರೆಯನ್ನು ಕೊಂಡು ತಂದರು. ಅದು ಮಸಿ ಹಿಡಿದು ಬಾಣಲೆಯ ತಳದಂತಾಗಿತ್ತು. ಮೇಲೆ ಕೆತ್ತಿದ ಇಂಗ್ಲಿಷ್ ಬರಹದಲ್ಲಿ ಓದಲು ಸಿಕ್ಕಿದ್ದು ಮೂರೇ ತುಣುಕು: ‘ಮೇಜರ್ ಟಾಮ್ಲಿನ್’, ‘ಕ್ರಿಕೆಟ್’, ‘ಕಣ್ಣಾನೂರು ದಂಡು’. ಕಣ್ಣಾನೂರಿನ ಕಪ್ ರುಸ್ತಾಕಿಗೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ನಾವೆಲ್ಲ ಮಸ್ಕತ್ತಿಗೆ ಹೇಗೆ ಬಂದೆವು ಎಂದು ಕೇಳಿದರೆ ನಮಗೂ ಉತ್ತರ ಹೇಳುವುದು ಕಷ್ಟವೇ.

ಹೀಗೆ ನಮ್ಮ ವಾರ್ಷಿಕ ಪಂದ್ಯಾವಳಿಗೆ ಮೇಜರ್ ಟಾಮ್ಲಿನ್ ಸ್ಮಾರಕ ಪಂದ್ಯಾವಳಿ ಎಂದು ನಾಮಕರಣವಾಯಿತು. ಕೂಡಲೇ ಬಳಗದ ಹನ್ನೊಂದನೆಯ ನಿಬಂಧನೆ ಜಾರಿಗೆ ಬಂತು. ಅದರ ಪ್ರಕಾರ, ‘ಪಾರಿತೋಷಕವು ಯಾವ ಮಹನೀಯರ ಹೆಸರಿನಲ್ಲಿರುವುದೋ ಅವರ ಜೀವನಾದರ್ಶಗಳನ್ನು ತಂಡವು ಮೈದಾನದಲ್ಲಿ ಚಾಚೂ ತಪ್ಪದೆ ಪಾಲಿಸತಕ್ಕದ್ದು.’ ಇದು ಗಂಭೀರವಾದ ನಿಬಂಧನೆ. ಹಿಂದಿನ ಕಪ್ ಒಬ್ಬ ಅಕ್ಕಿ ವ್ಯಾಪಾರಿಯ ದಿವಂಗತ ತಂದೆಯ ಹೆಸರಿನಲ್ಲಿತ್ತು. ಅವರು ಶುದ್ಧ ಸಸ್ಯಾಹಾರಿ. ಮಂಗಳೂರು, ಉಡುಪಿ, ಕಾಸರಗೋಡಿನಿಂದ ಬಂದ ನಮ್ಮಂಥವರು ನಾಲ್ಕು ವರ್ಷ ಫೈನಲ್ ದಿನ ಮೀನಿಲ್ಲದೆ ಊಟ ಮಾಡಿದ್ದೇವೆ. ಆ ಕಪ್ಪನ್ನು ಬದಲಾಯಿಸಲು ನಿಜವಾದ ಕಾರಣವೂ ಅದೇ.

ಆದರ್ಶಗಳನ್ನು ಪಾಲಿಸಬೇಕಾದರೆ ಅವು ಯಾವುವೆಂದು ಗೊತ್ತಿರಬೇಕು. ಮೇಜರ್ ಅವರ ಜೀವನ ಚರಿತ್ರೆ ಬರೆಯುವ ಹೊಣೆ ಸ್ಮರಣ ಸಂಚಿಕೆಯ ಸಂಪಾದಕನಿಗೆ ಬಿತ್ತು. ಸಂಪಾದಕ ನಾನು, ಭೋಜರಾಜ. ನಾನೇ ತಂಡದ ಓಪನಿಂಗ್ ಬ್ಯಾಟ್ಸ್‌ಮನ್ ಕೂಡ. ವಾರವಿಡೀ ಘಾಲಾದ ಗೋದಾಮಿನಲ್ಲಿ ಏರ್‌ಕಂಡಿಷನರಿನ ಬಿಡಿಭಾಗಗಳನ್ನು ಎತ್ತಿಡುವ ಕೆಲಸ ನನ್ನದು. ಅಲ್ಲಿ ನನ್ನ ಮೇಲೆ ಎಲ್ಲರೂ ಇದ್ದಾರೆ, ಕೆಳಗೆ ಇರುವುದು ಒಂದು ಬೆಕ್ಕು. ನನ್ನ ರಜೆ ಅರ್ಜಿಗೆ ಸಹಿ ಹಾಕುವ ಮ್ಯಾನೇಜರ್ ಕೂಡ ಎಲಿಯಾಸ್ ಸರ್ ಅವರೇ. ಶುಕ್ರವಾರ ಬೆಳಿಗ್ಗೆ ಬಿಳಿ ಪ್ಯಾಂಟು ತೊಟ್ಟು ಎಲ್ಲರಿಗಿಂತ ಮೊದಲು ಕ್ರೀಸಿಗೆ ನಡೆಯುವಾಗ ಮಾತ್ರ ನಾನೂ ಒಬ್ಬ ಜನ ಎಂದು ಅನ್ನಿಸುತ್ತಿತ್ತು. ಎಲ್ಲರಿಗಿಂತ ಮೊದಲು ಹಿಂದಿರುಗುತ್ತಿದ್ದೆ ಎಂಬುದು ಬೇರೆ ಮಾತು. ಹೋಗುವ ಆ ದಾರಿಯಷ್ಟೇ ನನಗೆ ಸಾಕಿತ್ತು.

ಆ ವರ್ಷ ಅದಕ್ಕೂ ಸಂಚಕಾರ ಬಂದಿತ್ತು. ಮೈದಾನದ ಪಕ್ಕದ ಗ್ಯಾರೇಜಿಗೆ ಕುಂಞಮ್ಮದ್ ಎಂಬ ಮೆಕ್ಯಾನಿಕ್ ಬಂದಿದ್ದ. ಅವನು ಹೊಡೆದ ಚೆಂಡು ನಮ್ಮ ಗೋದಾಮಿನ ತಗಡಿನ ಮೇಲೆ ಬೀಳುತ್ತಿತ್ತು. ನನ್ನ ಸ್ಥಾನಕ್ಕೆ ಅವನನ್ನು ಹಾಕಬೇಕೆಂಬ ಮಾತು ತಂಡದಲ್ಲಿ ಶುರುವಾದದ್ದು ನನ್ನ ಕಿವಿಗೂ ಬಿದ್ದಿತ್ತು.

ಇಂಥ ಸಮಯದಲ್ಲಿ ನಾನು ಮೇಜರ್ ಅವರ ಜೀವನವನ್ನು ಬರೆದೆ. ಅದರ ಮುಖ್ಯ ಭಾಗ ಹೀಗಿದೆ:

‘ಮೇಜರ್ ಅವರು ಐವತ್ತು ದಾಟಿದ ಮೇಲೂ ಓಪನಿಂಗ್ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಕೂಡಲೇ ಔಟಾಗಿ ಮುಂದಿನವರಿಗೆ ಅವಕಾಶ ಮಾಡಿಕೊಡುವುದು ಅವರ ಔದಾರ್ಯ. ಶತ್ರುವಿನ ಮುಂದೆ ಬಗ್ಗದ ಆ ಸೊಂಟ ಚೆಂಡಿಗೂ ಬಗ್ಗಲಿಲ್ಲ. ಫೀಲ್ಡಿಂಗಿನಲ್ಲಿ ಚೆಂಡು ಕಾಲಸಂದಿನಲ್ಲಿ ಬೌಂಡರಿಗೆ ಹೋಗುವಾಗ ಅವರು ನೆಟ್ಟಗೆ ನಿಂತು ಅದನ್ನು ಗೌರವದಿಂದ ಬೀಳ್ಕೊಡುತ್ತಿದ್ದರು. ಹೊಡಿಬಡಿ ಆಟದ ಯುವಕರನ್ನು ಅವರು ಪ್ರೀತಿಯಿಂದ ಹನ್ನೆರಡನೆಯ ಆಟಗಾರರನ್ನಾಗಿ ಕೂರಿಸಿ, ನೀರು ತರಿಸಿ, ತಾಳ್ಮೆ ಕಲಿಸಿದರು.’

ಬರೆದು ಮುಗಿಸಿದಾಗ ಮೇಜರ್ ಅವರ ಮೇಲೆ ನನಗೇ ಭಕ್ತಿ ಹುಟ್ಟಿತು.

ಅಲ್ ಗುಬ್ರಾದ ತಮ್ಮ ಫ್ಲ್ಯಾಟಿನಲ್ಲಿ ಎಲಿಯಾಸ್ ಸರ್ ಅದನ್ನು ಸಭೆಗೆ ಓದಿ ಹೇಳಿ, ಕನ್ನಡಕ ತೆಗೆದರು.

“ಇದೆಲ್ಲ ನಿಮಗೆ ಎಲ್ಲಿ ಸಿಕ್ಕಿತು ಭೋಜರಾಜರೇ?”

“ಸಂಶೋಧನೆ ಸರ್.”

“ಫೋಟೋ ಎಂತಾದ್ರೂ ಉಂಟಾ?”

“ಇಲ್ಲ ಸರ್.”

“ಹಾಗಾದ್ರೆ ನಿಜವೇ ಇರ್ಬೇಕು. ಸುಳ್ಳು ಮಾಡುವವ ಫೋಟೋವನ್ನೂ ಮಾಡ್ತಿದ್ದ.”

ಸಭೆ ತಲೆದೂಗಿತು. ಹನ್ನೊಂದನೆಯ ನಿಬಂಧನೆಯಂತೆ ನಾನು ಓಪನಿಂಗಿನಲ್ಲಿ ಮುಂದುವರಿದೆ. ಕುಂಞಮ್ಮದ್ ಹನ್ನೆರಡನೆಯವನಾದ.

“ಸತ್ತವರ ವಿಷಯ ಅಲ್ವಾ ಭೋಜಣ್ಣ, ಅದರ ಮೇಲೆ ನಾನು ಎಂತ ಹೇಳುದು?” ಎಂದು ಅವನು ನೀರಿನ ಡಬ್ಬ ಎತ್ತಿಕೊಂಡ. ನನಗೆ ಒಂದು ಕ್ಷಣ ತಪ್ಪು ಮಾಡಿದೆನೇನೋ ಅನ್ನಿಸಿತು. ಪ್ಯಾಡ್ ಕಟ್ಟಿಕೊಂಡ ಮೇಲೆ ಸರಿಯಾಯಿತು.

ಆ ಋತು ಸುಖವಾಗಿ ಕಳೆಯಿತು. ನಾನು ಪ್ರತಿ ಶುಕ್ರವಾರ ಮೇಜರ್ ಅವರಂತೆಯೇ ಆಡಿದೆ.

ಮರುವರ್ಷ ಫೈನಲಿಗೆ ಮುಂಚೆ ಕಪ್ ತೊಳೆದಿಡಬೇಕೆಂದು ಎಲಿಯಾಸ್ ಸರ್ ಅದನ್ನು ನಮ್ಮ ಮನೆಗೆ ಕಳುಹಿಸಿದರು. ನನ್ನ ಹೆಂಡತಿ ವಾರಿಜಾಕ್ಷಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಅವಳು ಯಾವುದನ್ನೂ ಅರ್ಧ ತಿಕ್ಕುವವಳಲ್ಲ. ನಾನು ಗೋದಾಮಿನಿಂದ ಬರುವಾಗ ಕಪ್ ಹೊಳೆಯುತ್ತಿತ್ತು, ಅಕ್ಷರಗಳೆಲ್ಲ ಎದ್ದು ಬಂದಿದ್ದವು. ಅವುಗಳ ತಾತ್ಪರ್ಯ: ‘ಹನ್ನೆರಡನೆಯ ಆಟಗಾರನಾಗಿ, ಒಮ್ಮೆಯೂ ಬ್ಯಾಟು ಹಿಡಿಯದೆ, ಬಿಸಿಲಿನಲ್ಲಿ ನಮಗೆಲ್ಲ ನೀರು ಹೊತ್ತು ತಂದ ಮೇಜರ್ ಟಾಮ್ಲಿನ್ ಅವರಿಗೆ, ಕಣ್ಣಾನೂರು ದಂಡಿನ ಕ್ರಿಕೆಟ್ ಗೆಳೆಯರಿಂದ ಪ್ರೀತಿಪೂರ್ವಕ.’

ನನಗೆ ಅಳು ಬಂತು. ಮೇಜರ್ ಅವರಿಗಾಗಿ ಅಲ್ಲ.

“ವಾರಿಜಾ, ಇದನ್ನು ಮೊದಲಿನ ಹಾಗೆ ಮಸಿ ಮಾಡ್ಲಿಕ್ಕೆ ಆಗ್ತದಾ?”

“ನಿಮಗೆ ಮಂಡೆ ಸಮ ಉಂಟಾ? ಮಧ್ಯಾಹ್ನದಿಂದ ತಿಕ್ಕಿ ನನ್ನ ಕೈ ನೋಯ್ತಾ ಉಂಟು.”

“ಬೇರೆ ಯಾರಾದ್ರೂ ನೋಡಿದ್ದಾರಾ?”

“ಐಡಾಬಾಯಿ ಬಂದಿದ್ರು. ಎಷ್ಟು ಚಂದ ಆಯ್ತು ಅಂತ ಪೂರಾ ಓದಿ ಹೋದ್ರು.”

ಐಡಾಬಾಯಿ ಎಂದರೆ ಎಲಿಯಾಸ್ ಸರ್ ಅವರ ಶ್ರೀಮತಿ. ಅಂದೇ ಸಂಜೆ ತುರ್ತು ಸಭೆ ಕರೆಯಲಾಯಿತು.

ನನಗೆ ಬೈಗುಳ ಬೀಳಬಹುದು, ಓಪನಿಂಗ್ ಕುಂಞಮ್ಮದನಿಗೆ ಹೋಗಿ ನೀರಿನ ಡಬ್ಬ ನನ್ನ ಕೈಗೆ ಬರಬಹುದು ಎಂದುಕೊಂಡು ಹೋದೆ. ನನ್ನ ಅಂದಾಜು ತಪ್ಪಿತು. ನಾನು ಬರೆದದ್ದು ಸುಳ್ಳೆಂದು ಯಾರೂ ಹೇಳಲಿಲ್ಲ; ಸಂಚಿಕೆಯಲ್ಲಿ ಅಚ್ಚಾದದ್ದನ್ನು ಸುಳ್ಳೆನ್ನಲು ನಿಬಂಧನೆಯಲ್ಲಿ ಅವಕಾಶವಿಲ್ಲ. ಮೇಜರ್ ಅವರು ಮೊದಲು ಓಪನರ್ ಆಗಿದ್ದು, ಅನಂತರ ಹನ್ನೆರಡನೆಯ ಸ್ಥಾನಕ್ಕೆ ಬಡ್ತಿ ಪಡೆದರು ಎಂದು ಠರಾವು ಮಾಡಲಾಯಿತು.

“ಬಡ್ತಿ ಅಂದ ಮೇಲೆ ಅದು ದೊಡ್ಡ ಹುದ್ದೆಯೇ ಆಯ್ತು,” ಎಂದರು ಎಲಿಯಾಸ್ ಸರ್. “ಹುದ್ದೆಗೆ ತಕ್ಕ ಕುರ್ಚಿ ಬೇಕು, ಕೊಡೆ ಬೇಕು, ಹಾರ ಬೇಕು. ಸಂಚಿಕೆಯಲ್ಲಿ ಇಡೀ ಪುಟದ ಫೋಟೋ ಬೇಕು. ಇದಕ್ಕೆ ಚುನಾವಣೆ ಆಗ್ಲೇಬೇಕು.”

“ಈಗ ನೀರು ತರುದು ಕುಂಞಮ್ಮದ್ ಅಲ್ವಾ ಸರ್?” ಎಂದು ಯಾರೋ ನೆನಪಿಸಿದರು.

“ಅವ ತಂದದ್ದು ಹಳೆ ಠರಾವಿನ ನೀರು. ಅದು ಲೆಕ್ಕಕ್ಕಿಲ್ಲ.”

“ನನಗೆ ಬೇಡ ಸರ್,” ಎಂದ ಕುಂಞಮ್ಮದ್. “ನನಗೆ ಬ್ಯಾಟು ಕೊಡಿ, ಸಾಕು.”

ಅವನಿಗೆ ಮಹತ್ವಾಕಾಂಕ್ಷೆ ಇಲ್ಲವೆಂದು ಎಲ್ಲರಿಗೂ ಮರುಕವಾಯಿತು.

ಹನ್ನೆರಡನೆಯ ಸ್ಥಾನಕ್ಕೆ ಉಳಿದವರೆಲ್ಲರೂ ನಾಮಪತ್ರ ಸಲ್ಲಿಸಿದರು. ನಾನೂ ಸಲ್ಲಿಸಿದೆ. ಎಲಿಯಾಸ್ ಸರ್ ಭಾರೀ ಬಹುಮತದಿಂದ ಗೆದ್ದರು. ನಾನು ಕೂಡ ಅವರಿಗೇ ಮತ ಹಾಕಿದ್ದೆ, ಯಾಕೆಂದರೆ ಊರಿಗೆ ಹೋಗುವ ನನ್ನ ರಜೆ ಅರ್ಜಿ ಅವರ ಮೇಜಿನ ಮೇಲಿತ್ತು. ಆದರೂ ನನಗೆ ಒಂದು ಮತ ಬಿದ್ದಿತ್ತು. ಹೊರಗೆ ಚಪ್ಪಲಿ ಹುಡುಕುವಾಗ ಕುಂಞಮ್ಮದ್ ಹತ್ತಿರ ಬಂದ.

“ಅದು ನಾನು ಹಾಕಿದ್ದು ಭೋಜಣ್ಣ.”

“ನನ್ನ ಮೇಲೆ ಅಷ್ಟು ಅಭಿಮಾನವಾ ನಿನಗೆ?”

“ಹಾಗಲ್ಲ. ನೀವು ನೀರಿಗೆ ಹೋದ್ರೆ ಬ್ಯಾಟಿಂಗಿಗೆ ಬರುದಿಲ್ಲ ಅಲ್ವಾ?”

ಚುನಾವಣೆಯಲ್ಲಿ ಸೋತವರು ನಿಬಂಧನೆಯಂತೆ ಹನ್ನೊಂದರ ತಂಡಕ್ಕೆ ಸೇರತಕ್ಕದ್ದು. ನಾನು ಪುನಃ ಓಪನರ್ ಆದೆ. ಅಂದಿನಿಂದ ಇಂದಿನವರೆಗೆ ಆಗಿದ್ದೇನೆ. ಈ ಸ್ಥಾನವನ್ನು ಈಗ ಯಾರೂ ಕೇಳುವುದಿಲ್ಲ.

ಇಷ್ಟರಲ್ಲಿ ಪಂದ್ಯಾವಳಿ ಬಹಳ ಸುಧಾರಿಸಿದೆ. ಬೇರೆ ತಂಡಗಳೂ ತಮ್ಮ ಅಧ್ಯಕ್ಷರನ್ನೇ ಹನ್ನೆರಡನೆಯವರನ್ನಾಗಿ ಆರಿಸುತ್ತಿವೆ. ಮೊದಲು ಪಂದ್ಯಕ್ಕೊಮ್ಮೆ ಬರುತ್ತಿದ್ದ ನೀರು ಓವರಿಗೊಮ್ಮೆ ಬರತೊಡಗಿತು; ೧೯೯೨ರಿಂದ ಪ್ರತಿ ಎಸೆತದ ನಂತರ ಬರುತ್ತಿದೆ. ಎಲಿಯಾಸ್ ಸರ್ ಅದನ್ನು ತಮ್ಮ ಪಜೆರೊ ಕಾರಿನಲ್ಲಿ ಎಸಿ ಹಾಕಿಸಿಕೊಂಡು ಪಿಚ್ಚಿನವರೆಗೆ ತರುತ್ತಾರೆ. ಶುಕ್ರವಾರದ ನಮಾಜಿಗೆ ಮೊದಲು ಎಲ್ಲ ಮುಗಿಯಬೇಕಾದ್ದರಿಂದ ಇನಿಂಗ್ಸನ್ನು ಎರಡು ಓವರಿಗೆ ಇಳಿಸಲಾಗಿದೆ. ಹೆಂಗಸರು ಮಕ್ಕಳೆಲ್ಲ ನೀರಿನ ಕಡೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಅಂಪೈರ್ ಕೂಡ ಅತ್ತಲೇ ನಿಂತಿರುತ್ತಾರೆ, ಯಾಕೆಂದರೆ ನೀರು ಚೆಲ್ಲಿದರೆ ತೀರ್ಪು ಕೊಡಬೇಕಾದವರು ಅವರೇ.

ಮೊನ್ನೆಯ ಫೈನಲಿನಲ್ಲಿ ಒಂದು ವಿಷಯ ನಡೆಯಿತು. ಬೌಲರ್ ಓಡಿಬಂದು ಎಸೆದ. ನಾನು ಅಭ್ಯಾಸದಂತೆ ಕಣ್ಣು ಮುಚ್ಚಿ ಬ್ಯಾಟು ಬೀಸಿದೆ. ಕೈಗೆ ಏನೂ ತಾಗಿದಂತೆ ಅನ್ನಿಸಲಿಲ್ಲ. ಕಣ್ಣು ತೆರೆದರೆ ಚೆಂಡು ಕವರ್‌ನ ಪಕ್ಕದಿಂದ ಹಾದು, ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಗ್ಯಾರೇಜಿನ ಗೋಡೆಗೆ ಬಡಿಯಿತು. ನನ್ನ ಜೀವಮಾನದ ಮೊದಲ ಬೌಂಡರಿ. ಬ್ಯಾಟು ಎತ್ತಿ ಸುತ್ತ ನೋಡಿದೆ. ಇಡೀ ಮೈದಾನ ಬೆನ್ನು ಹಾಕಿ ನಿಂತಿತ್ತು. ನೀರಿನ ಕಡೆ ಎಲಿಯಾಸ್ ಸರ್ ಎದುರಾಳಿ ಅಧ್ಯಕ್ಷರಿಗೆ ನೀರು ಬಗ್ಗಿಸುತ್ತಿದ್ದರು, ಫೋಟೋ ತೆಗೆಯಲಾಗುತ್ತಿತ್ತು. ನೀರಿನ ಸಮಯದಲ್ಲಿ ಬಂದ ರನ್ ಲೆಕ್ಕಕ್ಕಿಲ್ಲ ಎಂಬ ನಿಬಂಧನೆ ಬರೆದವನೂ ನಾನೇ.

ಆ ಕಡೆಯ ತುದಿಯಿಂದ, ನನ್ನ ಜೊತೆ ಬ್ಯಾಟಿಂಗಿಗೆ ಇಳಿದಿದ್ದ ಕುಂಞಮ್ಮದ್ ನಡೆದು ಬಂದ. ಅವನ ಮುಖ ಅರಳಿತ್ತು.

“ಎಂತ ಶಾಟ್ ಭೋಜಣ್ಣ! ನಾನು ನೋಡಿದೆ.”

“ನಿಜವಾಗಿ ನೋಡಿದೆಯಾ?”

“ಅಲ್ಲಾನಾಣೆ. ಇನ್ನು ಎಲೆಕ್ಷನಿಗೆ ನಿಂತ್ರೆ ನಾನು ನಿಮಗೆ ಓಟು ಹಾಕುದಿಲ್ಲ. ನೀವು ಆಡ್ಬೇಕು.”

ಮುಂದಿನ ತಿಂಗಳೇ ಚುನಾವಣೆ. ನಾಮಪತ್ರ ಆಗಲೇ ಸಲ್ಲಿಸಿದ್ದೆ. ಐದು ವರ್ಷದಿಂದ ನನಗೆ ತಪ್ಪದೆ ಬೀಳುತ್ತಿದ್ದ ಮತ ಅದೊಂದೇ.

“ಕುಂಞಮ್ಮದೇ,” ಎಂದೆ, ಅವನ ಕೈ ಹಿಡಿದು, ಧ್ವನಿ ತಗ್ಗಿಸಿ, “ಈ ಬೌಂಡರಿಯ ವಿಷಯ ಯಾರಿಗೂ ಹೇಳ್ಬೇಡ ಮಾರಾಯ. ನೀನೂ ಮರೆತುಬಿಡು.”

ಅಷ್ಟರಲ್ಲಿ ಹಾರನ್ ಕೇಳಿತು. ನಮಗೆ ನೀರು ಬಂದಿತ್ತು. ಇಬ್ಬರೂ ನೆಟ್ಟಗೆ ನಿಂತು ಕುಡಿದೆವು.