ಅಣ್ಣನ ಟಾವೆಲು ನನ್ನ ಹೆಗಲಿಗೆ

ನನ್ನ ಅಣ್ಣನಿಗೆ ತಾನು ಯಾರೆಂದು ಇಂದಿಗೂ ಖಾತ್ರಿಯಿಲ್ಲ! ಕುಡಿತವಲ್ಲ, ಮರೆವಲ್ಲ, ಹೈಸ್ಕೂಲು ಮಾಸ್ತರ. ನಾವು ಅವಳಿಗಳು. ಮೊದಲು ಹುಟ್ಟಿದವನ ಕಾಲಿಗೆ ಅವ್ವ ಕರಿದಾರ ಕಟ್ಟಿದ್ದಳಂತೆ. ನೀರು ಎರೆಯುವಾಗ ಅದು ಬಿಚ್ಚಿಹೋಗಿ, ಅಂದಾಜಿನ ಮೇಲೆ ಮತ್ತೆ ಕಟ್ಟಿದಳಂತೆ. ಅಷ್ಟು ಸಾಕಾಯಿತು ಅಣ್ಣನಿಗೆ.

"ತಮ್ಮಾ, ನಾನ ನೀ ಇರಬಹುದು, ನೀನ ನಾ ಇರಬಹುದು."

"ಹಂಗಾದ್ರ ನಾಳಿಂದ ಗಿರಣಿಗೆ ನೀ ಬಾ, ಸಾಲಿಗೆ ನಾ ಹೋಗ್ತೇನಿ!"

ಸಿಂದಗಿಯಲ್ಲಿ ನನ್ನದು ಹಿಟ್ಟಿನ ಗಿರಣಿ. ಏಳನೆಯ ಇಯತ್ತೆಗೇ ಓದು ಬಿಟ್ಟವನು ನಾನು. ಅಣ್ಣ ಕಥೆ ಬರೆಯುತ್ತಾನೆ. ಎಲ್ಲ ಕಥೆಗಳಲ್ಲೂ ಒಬ್ಬನಿಗೆ ತನ್ನಂಥವನೇ ಇನ್ನೊಬ್ಬ ಎದುರಾಗುತ್ತಾನೆ. ಕೊನೆಗೆ ಮನೆಗೆ ಹೋದವನು ಯಾರೆಂದು ತಿಳಿಯುವುದಿಲ್ಲ. "ಓದಿದವರಿಗೆ ತಿಳೀಬೇಕಲ್ಲಪಾ?" ಎಂದರೆ, "ನನಗ ತಿಳಿದಿಲ್ಲ, ಅವರಿಗೇನ ಅವಸರ?" ಎನ್ನುತ್ತಾನೆ. ಇಂಥವನಿಗೆ ಏನು ಹೇಳುತ್ತೀರಿ?

ಒಮ್ಮೆ ಗಡ್ಡ ತೆಗೆಸಲು ಹೋದ. "ನಿನ್ನೆನ ಬೋಳಿಸೇನಲ್ರಿ! ಏನ ಗೊಬ್ಬರ ಹಾಕೀರಿ ಗಡ್ಡಕ್ಕ?" ಎಂದು ಕ್ಷೌರಿಕ ಬೆರಗಾದ. ಹಿಂದಿನ ದಿನ ಹೋದವನು ನಾನು. ಅಣ್ಣ ತಿದ್ದಿದನೇ? ಇಲ್ಲ! ಗಡ್ಡ ಕೆರೆದುಕೊಳ್ಳುತ್ತ ಓಡಿಬಂದು ಕಥೆಗೆ ಕುಳಿತ.

ಕೊನೆಗೂ ಒಂದು ಕಥೆ ಅಚ್ಚಾಯಿತು. ಜಗಳಾಡಿ ದೂರವಾದ ತಮ್ಮನನ್ನು ಒಬ್ಬ ಕನ್ನಡಿಯಲ್ಲಿ ಕಾಣುವ ಕಥೆ. ಓದಿದವರು ಯಾರಾದರೂ ಎರಡು ಮಾತು ಬರೆದಾರು ಎಂದು ಅಣ್ಣ ದಿನವೂ ಅಂಚೆಯವನ ದಾರಿ ಕಾದ. ನಾನು ತಪ್ಪು ಮಾಡಿದ್ದು ಆಗಲೇ.

ಒಂದು ದಿನ ಕರೆಂಟಿಲ್ಲದೆ ಗಿರಣಿ ನಿಂತಿತ್ತು. ಜಳಕ ಮಾಡಿ ಅಣ್ಣನ ಮನೆಯ ಕಟ್ಟೆಗೆ ಕುಳಿತಿದ್ದೆ. ಪರೀಕ್ಷೆಯ ಕೆಲಸಕ್ಕೆಂದು ಅವನು ಮುದ್ದೇಬಿಹಾಳಕ್ಕೆ ಹೋಗಿದ್ದ. ಲಚ್ಯಾಣದಿಂದ ಎರಡು ಬಸ್ಸು ಬದಲಿಸಿ, ಮನೆ ಕೇಳುತ್ತ, ವಯಸ್ಸಾದ ಹೆಣ್ಣುಮಗಳೊಬ್ಬಳು ಬಂದಳು.

"ಸರ, ನಿಮ್ಮ ಕಥಿ ಓದಿ, ಮಾತು ಬಿಟ್ಟಿದ್ದ ತಮ್ಮನ ಮನಿಗೆ ಹೋಗಿ ಉಂಡು ಬಂದೇನ್ರಿ."

ಹೆಗಲಿಗೆ ಟಾವೆಲು ಹೊದಿಸಿ, ತಲೆಗೆ ಟೊಪ್ಪಿಗೆ ಇಟ್ಟು, ಕೈಗೆ ಕಾಯಿ ಕೊಟ್ಟಳು. ನಾನು ಅವನಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ದಿನವಿಡೀ ಜೋಳದ ಹಿಟ್ಟಿನಲ್ಲಿ ಮುಳುಗಿದವನನ್ನು ಯಾರು ಸರ ಎಂದಿದ್ದರು? ಕೈ ಮುಗಿದುಬಿಟ್ಟೆ! ಕಾಯಿ ಚಟ್ನಿಯಾಯಿತು, ಟಾವೆಲು, ಟೊಪ್ಪಿಗೆ ಟ್ರಂಕು ಸೇರಿದವು. ಅಣ್ಣನಿಗೆ ಹೇಳಲಿಲ್ಲ.

ವರ್ಷವಾಯಿತು. ಹೋದ ವಾರ ಅಣ್ಣ ತನ್ನ ನೋಟುಬುಕ್ಕುಗಳನ್ನೆಲ್ಲ ಗಿರಣಿಗೆ ಹೊತ್ತು ತಂದ.

"ಹಿಟ್ಟಿನ ಡಬ್ಬಿ ಮುಚ್ಚಾಕ ಬರ್ತಾವ, ಹರಕೋ. ಯಾರೂ ಓದಂಗಿಲ್ಲೋ ತಮ್ಮಾ. ಬರಿಯೂದು ಬಿಟ್ಟೆ."

ಗಿರಣಿ ನಿಲ್ಲಿಸಿದೆ. ಮನೆಗೆ ಓಡಿ ಟಾವೆಲು, ಟೊಪ್ಪಿಗೆ ತಂದು ಅವನ ಮುಂದಿಟ್ಟೆ, ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ, ಬಡಿಯಲಿ ಎಂದು ತಲೆ ತಗ್ಗಿಸಿ ನಿಂತೆ.

"ತಮ್ಮನ ಮನ್ಯಾಗ ಉಂಡ್ಲಂತೇನು?"

"ಹೂಂ ಅಣ್ಣಾ."

"ಏನ ಉಂಡ್ಲಂತ?"

"ಕೇಳಲಿಲ್ಲಪಾ."

"ಕೇಳಬಾರದೇನೋ, ಹುಚ್ಚಪ್ಯಾಲಿ!" ಅವನ ಕಣ್ಣು ತುಂಬಿತ್ತು. "ನಡಿ, ಲಚ್ಯಾಣಕ್ಕ ಹೋಗಿ ಕೇಳಿಕೊಂಡ ಬರೂಣು. ಇಬ್ಬರೂ ಹೋಗೂಣು. ನಾ ಒಬ್ಬನ ಹೋದ್ರ ಆಕಿ, ಅವತ್ತು ಟಾವೆಲು ಹೊದಿಸಿದ ಸರನ ಬಂದಾನ ಅಂತಾಳ."

ಟಾವೆಲನ್ನು ಅವನ ಹೆಗಲಿಗೆ ಹಾಕಲು ಹೋದೆ. ಅಣ್ಣ ಅದನ್ನು ಕಸಿದುಕೊಂಡು, ನನ್ನ ಮುಖದ ಮೇಲಿನ ಹಿಟ್ಟನ್ನು ಮೆಲ್ಲಗೆ ಒರೆಸತೊಡಗಿದ.